ಸ್ಕೂಟರು ಎಳೆದ ಗೆರೆ

ನಮ್ಮೂರಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಬುದ್ಧಿ ನೆಟ್ಟಗಿರುವ ಯಾರೂ ಗಾಡಿ ಹೊರಗೆ ತೆಗೆಯುವುದಿಲ್ಲ. ಹೆರಿಗೆ ನೋವು ಬಂದವಳನ್ನೂ ಕಂಬಳಿಯಲ್ಲಿ ಹೊತ್ತುಕೊಂಡು ನಡೆದೇ ಹೋಗುತ್ತಾರೆ. ಮೈಲಾರಿಯ ಬಸ್ಸು ಊರ ಬಾಗಿಲಿನಿಂದ ಹೊರಟು, ಬೀದಿ ಬೀದಿಯನ್ನೂ ಸುತ್ತಿ, ಗಡಿಯಾರದ ಕಂಬವನ್ನು ಬಲಕ್ಕೆ ಬಿಟ್ಟು, ಬಸ್ ಸ್ಟ್ಯಾಂಡಿಗೆ ಬಂದು ಹಾರನ್ನು ಹೊಡೆದ ಮೇಲೆಯೇ ಉಳಿದವರು ತಮ್ಮ ತಮ್ಮ ಗಾಡಿಯ ಮೇಲಿನ ಹಿಮ ಕೊಡವುವುದು. ಏಕೆಂದರೆ ಹೊಸ ಹಿಮದ ಮೇಲೆ ಮೊದಲು ಓಡಿದ ಗಾಡಿಯ ಗೆರೆಯೇ ಆ ಚಳಿಗಾಲ ಮುಗಿಯುವವರೆಗೆ ಊರಿನ ರಸ್ತೆ. ಆಮೇಲೆ ಬಂದ ಯಾವ ಚಕ್ರವೂ ಆ ಗೆರೆ ಬಿಟ್ಟು ಒಂದಂಗುಲ ಆಚೆ ಹೋಗುವುದಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಸ್ಟೀರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಮನುಷ್ಯರ ಕಾಲಿಗೆ ಮಾತ್ರ ಈ ಕಟ್ಟು ಇಲ್ಲ, ಎಲ್ಲಿ ಬೇಕಾದರೂ ಹೋಗಿ ಬೀಳಬಹುದು.

ಯಾವ ಗಾಡಿ ಗೆರೆ ಎಳೆಯಬೇಕು ಎನ್ನುವುದನ್ನು ಊರು ಕಲಿತದ್ದು ಪೆಟ್ಟು ತಿಂದೇ. ಒಂದು ವರ್ಷ ದಸರಾ ಮುಗಿದ ಮೇಲೆ ಸೇರಿದ ಸಭೆಯಲ್ಲಿ ಟ್ರ್ಯಾಕ್ಟರಿಗೆ ಆ ಗೌರವ ಕೊಟ್ಟರು. ಅದರ ಚಕ್ರಗಳ ನಡುವಿನ ಅಗಲಕ್ಕೆ ಬೇರೆ ಯಾವ ಗಾಡಿಯೂ ಹೊಂದದೆ, ಯುಗಾದಿಯವರೆಗೆ ಮದುವೆ ದಿಬ್ಬಣಗಳೂ ಟ್ರೈಲರಿನಲ್ಲೇ ಬಂದವು. ಇನ್ನೊಂದು ವರ್ಷ ಎತ್ತಿನ ಗಾಡಿ. ಎತ್ತುಗಳು ಹುಲ್ಲಿನ ಬಣವೆ ಕಂಡಲ್ಲೆಲ್ಲ ನಿಂತು ಒಂದು ಬಾಯಿ ಮೇದು ಮುಂದೆ ಹೋಗಿದ್ದವು. ಆ ಚಳಿಗಾಲವಿಡೀ ಡಾಕ್ಟರ ಕಾರು ಕೂಡ ಬಣವೆ ಬಣವೆಯ ಮುಂದೆ ನಿಂತು, ಒಂದು ಬಾಯಿ ಮೇಯುವಷ್ಟು ಹೊತ್ತು ಕಾದು, ಆಮೇಲೆ ಹೊರಡುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಹೊಸ ಜೀಪು ಕೊಂಡ ಗುತ್ತಿಗೆದಾರನೊಬ್ಬ ಕುಡಿದ ಮತ್ತಿನಲ್ಲಿ ರಿವರ್ಸ್ ಗೇರಿನಲ್ಲೇ ಊರು ಸುತ್ತಿದ ವರ್ಷ. ಊರಿಗೆ ಊರೇ ಚಳಿಗಾಲವೆಲ್ಲ ಹಿಂದು ಹಿಂದಕ್ಕೆ ಓಡಾಡಿತು. ಕತ್ತು ನೋವಿಗೆ ಮುಲಾಮು ಮಾರುವವರು ಆ ವರ್ಷ ಮನೆ ಕಟ್ಟಿಸಿದರು.

ತಪ್ಪು ಗೆರೆಯನ್ನು ಅಳಿಸುವ ದಾರಿ ಇಲ್ಲವೆಂದಲ್ಲ. ಎಳೆದವನೇ, ಎಳೆದ ಗಾಡಿಯಲ್ಲೇ, ಎಳೆದಾಗ ಅದರ ಮೇಲೆ ಏನೇನಿತ್ತೋ ಅಷ್ಟನ್ನೇ ಹೇರಿಕೊಂಡು, ಅದೇ ಗೆರೆಯ ಮೇಲೆ ಹಿಂದಕ್ಕೆ ಬರಬೇಕು. ಒಂದು ಗುಂಡುಸೂಜಿ ಹೆಚ್ಚಾದರೂ ಗಾಡಿ ಅಲುಗುವುದಿಲ್ಲ, ಕಮ್ಮಿಯಾದರೂ ಅಲುಗುವುದಿಲ್ಲ. ಅದೂ ಎರಡನೆಯ ಹಿಮ ಬೀಳುವುದರೊಳಗೆ ಆಗಬೇಕು. ಗುತ್ತಿಗೆದಾರನಿಗೆ ಇದು ಸಾಧ್ಯವಾಗಲಿಲ್ಲ. ಅವನ ಹೇರು ಹೊಟ್ಟೆಯೊಳಗಿತ್ತು. ಅಷ್ಟನ್ನೇ ಮತ್ತೆ ಕುಡಿಯುತ್ತೇನೆಂದು ಕೂತವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎರಡನೆಯ ಹಿಮವೂ ಬಿತ್ತು, ಅವನೂ ಬಿದ್ದ.

ಅಂದಿನಿಂದ ಗೆರೆ ಎಳೆಯುವುದು ಬಸ್ಸು, ಓಡಿಸುವುದು ಮೈಲಾರಿ. ಮೈಲಾರಿ ಬೀಡಿ ಸೇದುವುದಿಲ್ಲ, ಓಡಿಸುವಾಗ ಮಾತಾಡುವುದಿಲ್ಲ, ಸೀನು ಬಂದರೆ ಬಸ್ಸು ನಿಲ್ಲಿಸಿ ಕೆಳಗಿಳಿದು ಸೀನಿ ಹತ್ತುವ ಮನುಷ್ಯ. ಅವನ ಗೆರೆಯನ್ನು ನಂಬಿಕೊಂಡೇ ನಾನು ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವವಳು. ಬಸ್ಸಿಳಿದವರು ಕೈ ಉಜ್ಜಿಕೊಳ್ಳುತ್ತ ನೇರ ನನ್ನ ಬಾಗಿಲಿಗೆ ಬರುತ್ತಾರೆ. ಬಸ್ಸು ಬರದಿದ್ದರೆ ನನ್ನ ಒಲೆಯ ಮುಂದೆ ಬೆಕ್ಕು ಮಲಗಬೇಕಷ್ಟೆ.

ನನ್ನ ಹೆಸರು ದಾಕ್ಷಾಯಿಣಿ. ಗಡಿಯಾರದ ಕಂಬದ ಆಚೆ, ಇಳಿಜಾರಿನ ಕೊನೆಯಲ್ಲಿ ಇನ್ನೊಂದು ಖಾನಾವಳಿ ಇದೆ. ಅದು ನೀಲಕ್ಕನದು. ನೀಲಕ್ಕ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಒಂದು ಕಾಲಕ್ಕೆ ಎರಡೂ ಒಂದೇ ಖಾನಾವಳಿ, ಒಂದೇ ಒಲೆ. ನಮ್ಮ ಅತ್ತೆ ಬಲು ಘಾಟಿ ಹೆಂಗಸು. ಸಾರಿನ ಗುಟ್ಟನ್ನು ನನಗೊಬ್ಬಳಿಗೆ ಹೇಳಿಕೊಟ್ಟರು, ಪಲ್ಯದ ಗುಟ್ಟನ್ನು ನೀಲಕ್ಕನಿಗೊಬ್ಬಳಿಗೆ. "ಇನ್ನು ನೀವಿಬ್ರೂ ಹೆಂಗೆ ಬೇರೆ ಆಗ್ತೀರೋ ನಾನೂ ನೋಡ್ತೀನಿ" ಎಂದು ನಕ್ಕು ಕಣ್ಣು ಮುಚ್ಚಿದರು. ಭಾವನವರೂ ತೀರಿಕೊಂಡ ಮೇಲೆ, ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬ ಮಾತಿಗೆ ನಾವಿಬ್ಬರೂ ಬೇರೆಯಾದೆವು. ಆಮೇಲೆ ಮಾತಿಲ್ಲ, ಕತೆಯಿಲ್ಲ. ಎದುರಿಗೆ ಬಂದರೆ ಅವಳು ಆಕಾಶ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ. ಜಗಳವನ್ನಾದರೂ ಆಡಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅದೂ ಇಲ್ಲ.

ಬೇರೆಯಾದ ಹೊಸತರಲ್ಲಿ ನನ್ನ ಪಲ್ಯವನ್ನು ತಿಂದವರು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರು. ಆಗ ನಮ್ಮ ಯಜಮಾನರು ಒಂದು ದಾರಿ ಕಂಡುಹಿಡಿದರು. ಬಸ್ ಸ್ಟ್ಯಾಂಡಿನ ಹಿಂದಿನ ಕೇರಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಪಲ್ಯ ಬಹಳ ಚೆನ್ನಾಗಿ ಮಾಡುತ್ತಾಳೆ, ದುಡ್ಡು ಮುಟ್ಟುವುದಿಲ್ಲ, ಒಂದು ಕ್ಯಾನು ಸಾರು ಕೊಟ್ಟರೆ ಒಂದು ಡಬರಿ ಆಲೂಗಡ್ಡೆ ಪಲ್ಯ ಕೊಡುತ್ತಾಳೆ, ಆದರೆ ಹೊರಗಿನವರ ಮುಖ ನೋಡಲು ನಾಚಿಕೆ ಅವಳಿಗೆ ಎಂದರು. ನನಗೆ ಪಲ್ಯ ಬೇಕಿತ್ತು, ಅಜ್ಜಿಯ ಮುಖ ಬೇಕಿರಲಿಲ್ಲ. ದಿನಾ ಬೆಳಗಿನ ಜಾವ ಇವರು ಸಾರಿನ ಕ್ಯಾನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುವುದು, ಪಲ್ಯ ತರುವುದು. ಪಲ್ಯ ನೀಲಕ್ಕನ ಕೈರುಚಿಗೆ ತೀರಾ ಹತ್ತಿರವಿತ್ತು. ಆದರೆ ನೀಲಕ್ಕ ಗೋಡಂಬಿ ಹಾಕದೆ ಪಲ್ಯ ಇಳಿಸುವವಳಲ್ಲ, ಇದರಲ್ಲಿ ಒಂದು ಗೋಡಂಬಿಯೂ ಇರುತ್ತಿರಲಿಲ್ಲ. ಹಾಗಾಗಿ ಇದು ಬೇರೆಯೇ ಕೈ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಹಬ್ಬ ಬಂದರೆ ಅಜ್ಜಿಗೆಂದು ಹೋಳಿಗೆ ಕಟ್ಟಿ ಕೊಡುತ್ತಿದ್ದೆ. ಇವರು ಮೈಮೇಲೆ ಸ್ವಲ್ಪ ಕೊಬ್ಬು ಬೆಳೆಸಿಕೊಂಡರು.

ಆ ವರ್ಷ ಹಿಮ ಪಂಚಾಂಗ ನೋಡಿ ಬರಲಿಲ್ಲ, ಮುಂಚೆಯೇ ಬಂತು. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಾಗಿಲು ತೆಗೆದರೆ ಬೀದಿ ಬೆಳ್ಳಗೆ ಮಡಿಬಟ್ಟೆಯ ಹಾಗೆ ಹಾಸಿಕೊಂಡಿದೆ. ನಮ್ಮ ಜೀಪು ತಲೆಯ ಮೇಲೆ ಹಿಮ ಹೊತ್ತು ಸುಮ್ಮನೆ ನಿಂತಿದೆ. ಸ್ಕೂಟರಿಲ್ಲ. ನಮ್ಮ ಹೊಸ್ತಿಲಿನ ಬುಡದಿಂದ ಶುರುವಾಗಿ ಪೇಟೆಯ ಕಡೆಗೆ ಒಂದೇ ಒಂದು ಗೆರೆ ಹೋಗಿದೆ.

ಅಷ್ಟರಲ್ಲಿ ಇವರು ನಡೆದುಕೊಂಡು ಬಂದರು. ಒಂದು ಕಾಲು ಕುಂಟುತ್ತಿತ್ತು, ಕಿವಿಯೊಳಗೆಲ್ಲ ಹಿಮ, ತಲೆಯ ಮೇಲೆ ಮಾತ್ರ ಸಂತೆಯಲ್ಲಿ ಕೊಂಡೆ ಎಂದು ಎರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದ ಕೆಂಪು ಉಣ್ಣೆಯ ಟೊಪ್ಪಿ ಭದ್ರವಾಗಿ ಕೂತಿತ್ತು.

"ರೀ, ಸ್ಕೂಟರೆಲ್ಲಿ?" ಎಂದೆ.

"ಅಯ್ಯೋ, ಅದನ್ನೇ ಹೇಳೋಕ್ ಬಂದೆ ಕಣೇ. ಯಾರೋ ಕದ್ಕೊಂಡ್ ಹೋಗಿದಾರೆ. ನಾನು ಹಿಂದೇನೇ ಓಡ್ದೆ, ಸಿಗ್ಲಿಲ್ಲ."

"ಕಳ್ಳ ಬಹಳ ಒಳ್ಳೆಯವನು. ನಿಮ್ಮ ಚಪ್ಪಲೀನೂ ಹಾಕ್ಕೊಂಡು ಹೋಗಿ, ಗೆರೆ ಪಕ್ಕದಲ್ಲಿ ಒಂದನ್ನ ಬಿಟ್ಟು ಹೋಗಿದಾನೆ ನೋಡಿ. ನಿಮ್ಮ ಎಡಗಾಲಲ್ಲಿ ಏನೂ ಇಲ್ಲ."

ಇವರು ಎಡಗಾಲು ನೋಡಿಕೊಂಡರು. ಆಮೇಲೆ ಆಕಾಶ ನೋಡಿದರು. ಆಮೇಲೆ ಮೆಲ್ಲಗೆ, "ಇಬ್ಬನಿ ಅಂದ್ಕೊಂಡೆ ಕಣೇ" ಎಂದರು. ಮೊಣಕಾಲುದ್ದದ ಇಬ್ಬನಿ. ಜೀಪು ತೆಗೆದಿದ್ದರೆ ಅಗಲದ ಲೆಕ್ಕದಲ್ಲಾದರೂ ಊರು ಉಳಿಯುತ್ತಿತ್ತು. ನಮ್ಮ ಜೀಪು ಸ್ಟಾರ್ಟ್ ಮಾಡಿದರೆ ಮುದುಕನ ಹಾಗೆ ಕೆಮ್ಮಿ ಕೇರಿಯನ್ನೆಲ್ಲ ಎಬ್ಬಿಸುತ್ತದೆ. ಗುಟ್ಟಾಗಿ ಹೋಗಬೇಕಾದವರಿಗೆ ಸ್ಕೂಟರೇ ಸರಿ. ಆದರೆ ಸ್ಕೂಟರು ಎಳೆಯುವುದು ಒಂದೇ ಗೆರೆ. ಒಂದು ಗೆರೆಯ ಮೇಲೆ ಬಸ್ಸು ಓಡುವುದಿಲ್ಲ.

ಮೈಲಾರಿ ಬಸ್ಸು ತಂದು ಊರ ಬಾಗಿಲಲ್ಲಿ ನಿಲ್ಲಿಸಿ, ಇಂಜಿನ್ನು ಗುರುಗುಟ್ಟಿಸಿ, ಕೆಳಗಿಳಿದು ಗೆರೆ ನೋಡಿದ. ಸೀನಿದ. "ಇದ್ಯಾವ ಪುಣ್ಯಾತ್ಮನ ಕೆಲ್ಸ?" ಎಂದ. ಊರಿನವರು ಗೆರೆ ಹಿಡಿದು ನಡೆದರು. ನಾನೂ ನಡೆದೆ. ಇವರು ಬಲವಂತಕ್ಕೆ ನಡೆದರು.

ಗೆರೆ ಓದಲು ಶಾಲೆಗೆ ಹೋಗಿರಬೇಕಾಗಿಲ್ಲ. ಪೇಟೆ ಬೀದಿಯಲ್ಲಿ ಅದು ಹಾವಿನ ಹಾಗೆ ಹರಿದಿತ್ತು. ಅಲ್ಲಿ ಒಂದು ಕೈ ಬಿಟ್ಟು ಕನ್ನಡಕ ಒರೆಸಿಕೊಂಡಿದ್ದಾರೆ. ಇಳಿಜಾರು ಬಂದಲ್ಲಿ ಗೆರೆ ತೆಳ್ಳಗಾಗಿತ್ತು. ಬ್ರೇಕು ಹಿಡಿಯುವ ಬದಲು ವೇಗ ಕೊಟ್ಟಿದ್ದಾರೆ. ಗಡಿಯಾರದ ಕಂಬ ಬಂದಲ್ಲಿ ಬ್ರೇಕು ನೆನಪಾಗಿ ಒಮ್ಮೆಲೇ ಹಿಡಿದಿದ್ದಾರೆ. ಅಲ್ಲಿಂದ ಗೆರೆ ಕಂಬಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬಂದಿತ್ತು. ನವಗ್ರಹಕ್ಕೆ ಕೂಡ ನಮ್ಮ ಯಜಮಾನರು ಅಷ್ಟು ಶ್ರದ್ಧೆಯಿಂದ ಪ್ರದಕ್ಷಿಣೆ ಹಾಕಿದವರಲ್ಲ. ಮೂರನೆಯ ಸುತ್ತಿನಿಂದ ಚಿಮ್ಮಿ, ಬೇಲಿ ಮುರಿದು, ಬಟ್ಟೆ ಒಣಹಾಕುವ ಹಗ್ಗ ಕಿತ್ತುಕೊಂಡು, ಗೆರೆ ಒಂದು ಹಿತ್ತಲಿಗೆ ನುಗ್ಗಿತ್ತು. ಅಲ್ಲಿ ಸೌದೆಯ ರಾಶಿಯೊಳಗೆ ನಮ್ಮ ಸ್ಕೂಟರು ಮೂಗು ತೂರಿಸಿಕೊಂಡು ನಿಂತಿತ್ತು.

ಅದು ನೀಲಕ್ಕನ ಹಿತ್ತಲು.

ನನಗೆ ಬಸ್ಸು ಮರೆತುಹೋಯಿತು, ಬೆಳಗಿನ ಸಾರಿನ ಕ್ಯಾನು ಮರೆತುಹೋಯಿತು. ಊರಿನವರು ಸುತ್ತ ನಿಂತಿರುವುದೂ ಮರೆತುಹೋಯಿತು. ಇಷ್ಟು ವರ್ಷ ನಾನು ಯಾರ ಹೊಸ್ತಿಲು ತುಳಿಯುವುದಿಲ್ಲ ಎಂದು ಪಣ ತೊಟ್ಟಿದ್ದೆನೋ, ಅವಳ ಹಿತ್ತಲ ಬಾಗಿಲಿಗೆ ನನ್ನ ಗಂಡ ಕತ್ತಲು ಹರಿಯುವ ಮುಂಚೆ ಹೋಗಿದ್ದಾರೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನೀಲಕ್ಕ ಹಿತ್ತಲ ಕಟ್ಟೆಯ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಬೇಲಿ ಮುರಿದದ್ದಕ್ಕೆ ಅವಳು ಕೂಗಾಡಬೇಕಿತ್ತು. ಕೂಗಲಿಲ್ಲ. ನಗುತ್ತಿದ್ದಳು.

"ಮೈಲಾರಿ, ಗೆರೆ ಯಾಕಪ್ಪ ಅಳಿಸ್ತೀರಾ? ಬಹಳ ಚೆಂದಾಗೇ ಬಂದಿದೆ. ಈ ಚಳಿಗಾಲ ಊರಲ್ಲಿರೋ ಸೈಕಲ್ಲು, ಸ್ಕೂಟರೆಲ್ಲಾ ನನ್ನ ಹಿತ್ತಲಿಗೇ ಬಂದು ನಿಲ್ಲಲಿ. ಬಿಸಿಬಿಸಿ ಊಟ ರೆಡಿ ಇರುತ್ತೆ" ಎಂದಳು. ನನ್ನ ಕಡೆ ನೋಡಲಿಲ್ಲ, ಆದರೆ ಮಾತು ನನಗೇ ಬಂದು ನಾಟಿತು. ಅವಳದು ಊರಿನವರು ಉಣ್ಣುವ ಖಾನಾವಳಿ, ಬಸ್ಸು ಬಂದರೂ ಬರದಿದ್ದರೂ ನಡೆಯುತ್ತದೆ. ನನ್ನ ಬಾಗಿಲಿಗೆ ಮಾತ್ರ ಬೀಗ.

ಆಕಾಶ ಆಗಲೇ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮಧ್ಯಾಹ್ನದೊಳಗೆ ಎರಡನೆಯ ಹಿಮ ಖಂಡಿತ ಎಂದು ಮೈಲಾರಿ ಹೇಳಿದ. ಸೌದೆಯನ್ನು ಸರಿಸಿ, ದಾರಿಯಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಇವರ ಎಡಗಾಲಿಗೆ ತೊಡಿಸಿ, ಸ್ಕೂಟರಿನ ಮೇಲೆ ಕೂರಿಸಿ, "ಕಾಲಲ್ಲಿ ಹಿಂದಕ್ಕೆ ತಳ್ಳಿ ವಿರೂಪಾಕ್ಷಣ್ಣ" ಎಂದ. ಇವರು ತಳ್ಳಿದರು. ಸ್ಕೂಟರು ಅಲುಗಲಿಲ್ಲ. ಊರಿನವರೂ ಸೇರಿ ಎಳೆದರು. ಕಲ್ಲಿನ ಬಸವನೂ ಅಷ್ಟು ಗಟ್ಟಿಯಾಗಿ ಕೂತಿರುವುದಿಲ್ಲ.

"ಹೇರು ಸರಿಯಿಲ್ಲ. ಗಾಡಿ ಮೇಲೆ ಇನ್ನೇನಿತ್ತು?" ಮೈಲಾರಿ ಕೇಳಿದ.

"ಏನೂ ಇರ್ಲಿಲ್ಲಪ್ಪ. ಸ್ಟಾರ್ಟ್ ಆಗುತ್ತಾ ನೋಡೋಣ ಅಂತ ಹಂಗೇ ಒಂದು ರೌಂಡು."

"ಏನೂ ಇಲ್ದಿದ್ರೆ ಗಾಡಿ ಬರಬೇಕಿತ್ತಲ್ಲ. ಹಿಂದೆ ಯಾರಾದ್ರೂ ಕೂತಿದ್ರಾ?"

ಹೆಂಗಸರು ನನ್ನ ಮುಖ ನೋಡಿದರು. ಆ ನೋಟಕ್ಕಿಂತ ಕಪಾಳಕ್ಕೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ಇವರು ಆ ಚಳಿಯಲ್ಲೂ ಬೆವೆತು, ನನ್ನನ್ನೊಮ್ಮೆ ಅತ್ತಿಗೆಯನ್ನೊಮ್ಮೆ ನೋಡಿ, ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಹಾಗೆ ಒದ್ದಾಡಿ, "ಅಜ್ಜಿ… ಅಜ್ಜಿ ಕೂತಿತ್ತು" ಎಂದುಬಿಟ್ಟರು.

"ಯಾವ ಅಜ್ಜಿ?" ಎಂದು ಕೇಳಿದವಳು ನಾನು.

"ಅದೇ ಕಣೇ, ನಮ್ಮ ಪಲ್ಯದ ಅಜ್ಜಿ. ಬಸ್ ಸ್ಟ್ಯಾಂಡ್ ಹಿಂದೆ…"

"ಪಲ್ಯದ ಅಜ್ಜಿನಾ?" ಕಟ್ಟೆಯ ಮೇಲಿಂದ ನೀಲಕ್ಕ ಕೇಳಿದಳು. "ಬಸ್ ಸ್ಟ್ಯಾಂಡ್ ಹಿಂದೆ ಇರೋದು ನಮ್ಮ ಸಾರಿನ ಅಜ್ಜಿಯಲ್ವೇನೋ ವಿರೂಪಾಕ್ಷಿ? ಪಲ್ಯ ಮಾಡೋಕೆ ಅದಕ್ಕೆ ಬರಲ್ಲ ಅಂತಾನೇ ಅಲ್ವಾ ದಿನಾ ನನ್ನ ಹತ್ರ ಒಂದು ಡಬರಿ ಪಲ್ಯ ಇಸ್ಕೊಂಡು ಹೋಗ್ತಿದ್ದಿದ್ದು?"

"ಸಾರಿನ ಅಜ್ಜಿ ಅಂತೆ! ಸಾರು ಮಾಡೋಕೆ ಬರಲ್ಲ ಅಂತ ದಿನಾ ನಾನು ಕ್ಯಾನು ತುಂಬಿಸಿ ಕಳಿಸ್ತಿದೀನಿ" ಎಂದೆ ನಾನು. ಹೇಳಿದ ಮೇಲೆ ಹೊಳೆಯಿತು, ಎಷ್ಟೋ ವರ್ಷಗಳ ಮೇಲೆ ನಾನು ನೀಲಕ್ಕನ ಜೊತೆ ಮಾತಾಡಿದ್ದೆ. ಅವಳಿಗೂ ಹೊಳೆಯಿತು. ಆದರೂ ಮಾತು ನಿಲ್ಲಲಿಲ್ಲ.

"ಹಬ್ಬಕ್ಕೆ ಹೋಳಿಗೆ ಕೊಟ್ಟಿದೀನಿ ಆ ಅಜ್ಜಿಗೆ" ಎಂದೆ.

"ನಾನು ಚಳಿಗೆ ಅಂತ ಉಣ್ಣೆ ಟೊಪ್ಪಿ ಹೆಣೆದು ಕೊಟ್ಟಿದೀನಿ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಯಜಮಾನರು ತಲೆ ಮುಟ್ಟಿ ನೋಡಿಕೊಂಡರು. ಅಷ್ಟು ಜನರ ಕಣ್ಣೂ ಆ ಕೆಂಪು ಟೊಪ್ಪಿಯ ಮೇಲೆ ಬಿತ್ತು. ಮೊದಲು ನಕ್ಕವನು ಮೈಲಾರಿ. ಓಡಿಸುವಾಗ ನಗದವನು ಕೆಳಗೆ ನಿಂತಾಗ ಇಷ್ಟು ನಗಬಲ್ಲನೆಂದು ನಮಗೆ ಗೊತ್ತಿರಲಿಲ್ಲ. "ಅಜ್ಜಿ ಬಂದ್ರಪ್ಪೋ, ಅಜ್ಜಿಗೆ ದಾರಿ ಬಿಡಿ!" ಎಂದು ಕೂಗಿದ. ನನಗೂ ಒಳಗಿಂದ ನಗು ಒತ್ತರಿಸಿ ಬಂತು, ಆದರೆ ಹಲ್ಲು ಕಚ್ಚಿ ತಡೆದುಕೊಂಡೆ.

ಅಜ್ಜಿ ಇಲ್ಲ, ಎಂದೂ ಇರಲಿಲ್ಲ ಎಂದು ಇವರು ಒಪ್ಪಿಕೊಂಡರು. "ನೀವಿಬ್ರೂ ಅಮ್ಮನ ಆಸ್ತಿನ ಅರ್ಧರ್ಧ ಹಿಡ್ಕೊಂಡು ಕೂತ್ರಿ. ಸಾರಿಲ್ದೆ ಅತ್ತಿಗೆ ಗಿರಾಕಿಗಳು ಬೈತಿದ್ರು, ಪಲ್ಯ ಇಲ್ದೆ ನಿನ್ನ ಗಿರಾಕಿಗಳು ಬೈತಿದ್ರು. ನಾನು ಮಧ್ಯದಲ್ಲಿ ಏನ್ ಮಾಡ್ಲಿ? ಒಂದು ಅಜ್ಜಿನ ಹುಟ್ಟಿಸ್ದೆ. ಇವತ್ತು ಸಾರು ತಣ್ಣಗಾಗುತ್ತೆ ಅಂತ ಹೊರಟೆ. ಕ್ಯಾನು ಹೊತ್ಕೊಂಡು ನಡೆಯೋಕೆ ಮಂಡಿ ನೋವು" ಎಂದರು.

"ಹಂಗಾದ್ರೆ ಹೇರು ಸಾರು!" ಮೈಲಾರಿ ಕೈ ತಟ್ಟಿದ. "ದಾಕ್ಷಾಯಿಣಕ್ಕಾರೆ, ಒಂದು ಕ್ಯಾನು ಸಾರು ಬೇಗ ತನ್ನಿ."

ಬೆಳಗಿನ ಸಾರಿನಲ್ಲಿ ಅರ್ಧ 'ಅಜ್ಜಿ ಸಾರು' ಎಂದು ನೀಲಕ್ಕನ ಗಿರಾಕಿಗಳ ಹೊಟ್ಟೆ ಸೇರಿಯಾಗಿತ್ತು. ನಾನು ಅದೇ ಖಾಲಿ ಕ್ಯಾನು ಹಿಡಿದು ಮನೆಗೆ ನಡೆದು ಹೋಗಿ ಒಲೆಯ ಮೇಲಿನ ಪಾತ್ರೆಯಿಂದ ತುಂಬಿಸಿದೆ. ಊರೆಲ್ಲ ಹೊಗಳುವ ನೀಲಕ್ಕನ ಸಾರು, ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ ಆ ಸಾರು ನನ್ನದೇ. ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟುಕೊಂಡಿದ್ದೆ. ಸಿಟ್ಟಿಗೆ ಕ್ಯಾನನ್ನು ಬೀದಿಗೆ ಚೆಲ್ಲಿಬಿಡಲೇ ಎನ್ನಿಸಿತು. ಬಸ್ಸು ನೆನಪಾಗಿ ಹೊತ್ತುಕೊಂಡು ಹೊರಟೆ.

ಕ್ಯಾನು ಇಟ್ಟರು. ಇವರು ಕೂತರು. ಕಾಲಿನಿಂದ ತಳ್ಳಿದರು. ಸ್ಕೂಟರು ಒಂದು ಕೂದಲೆಳೆ ಅಲುಗಿತು, ನಿಂತಿತು. ಗಾಳಿ ತಣ್ಣಗೆ ಬೀಸತೊಡಗಿತ್ತು. ಜನ ಆಕಾಶ ನೋಡುತ್ತಿದ್ದರು.

"ಇನ್ನೂ ಏನೋ ಇದೆ" ಎಂದ ಮೈಲಾರಿ.

ನಾನು ಇವರ ಮುಂದೆ ಹೋಗಿ ನಿಂತೆ. "ರೀ, ನನ್ನ ಒಲೆ ಆರಿದ್ರೆ ಈ ಚಳಿಗಾಲ ನಿಮಗೂ ಊಟ ಇಲ್ಲ. ಬಾಯಿ ಬಿಡಿ."

ಇವರು ಅತ್ತಿಗೆಯ ಕಡೆ ನೋಡದೆ, ಹ್ಯಾಂಡಲಿನ ಕಡೆ ನೋಡುತ್ತ ಹೇಳಿದರು. "ಹೊರಡೋಕೆ ಮುಂಚೆ ದಿನಾ ಎರಡು ಲೋಟ ಸಾರು ಕುಡೀತೀನಿ. ಆ ಜಾಗಕ್ಕೆ ಹಂಡೆಯಿಂದ ಎರಡು ಲೋಟ ಬಿಸಿನೀರು ಹಾಕ್ತೀನಿ."

"ನೀರಾ!" ನೀಲಕ್ಕ ಕಟ್ಟೆಯಿಂದ ಧುಮುಕಿದಳು. "ನನ್ನ ಸಾರಿಗೆ ನೀರಾ?"

"ಗುರುತು ಸಿಗಬಾರ್ದಲ್ಲ ಅತ್ತಿಗೆ. ಅಮ್ಮನ ಸಾರು ನೀವು ತಿಂದಿರೋರು. ಗಟ್ಟಿ ಇದ್ರೆ ಒಂದೇ ತುತ್ತಿಗೆ ಹಿಡೀತಿದ್ರಿ."

ಎಲ್ಲರ ಮುಂದೆ ಇವರು ಎರಡು ಲೋಟ ಸಾರು ಕುಡಿಯಬೇಕಾಯಿತು. ಗಂಟಲಿನಲ್ಲಿ ಇಳಿಯುವುದನ್ನು ಊರು ಎಣಿಸುತ್ತ ನಿಂತಿತ್ತು. ಗುತ್ತಿಗೆದಾರನ ಹಾಗೆ ಇವರಿಗೆ ಅಳತೆ ತಪ್ಪಲಿಲ್ಲ, ದಿನದ ಅಭ್ಯಾಸ. ಒಳಗಿನಿಂದ ಬಿಸಿನೀರು ತಂದು ಸುರಿದವಳು ನೀಲಕ್ಕನೇ. ಸುರಿಯುವಾಗ ಅವಳ ಕಣ್ಣು ಕೆಂಡದಂತಿತ್ತು. "ಅದು ಸರಿ, ವಾಪಸ್ ಹೋಗ್ತಾ ನನ್ನ ಪಲ್ಯಕ್ಕೇನು ಮಾಡ್ತಿದ್ದೆ, ಅದನ್ನೂ ಹೇಳ್ಬಿಡು" ಎಂದಳು.

"ಗೋಡಂಬಿ ತಿಂತಿದ್ದೆ" ಎಂದರು ಇವರು ಸಣ್ಣ ದನಿಯಲ್ಲಿ.

"ಎಲ್ಲಾನೂ?"

"ಒಂದು ಬಿಟ್ರೂ ಇವಳು ಕಂಡುಹಿಡೀತಾಳೆ ಅತ್ತಿಗೆ."

ಸ್ಕೂಟರು ಹಿಂದಕ್ಕೆ ಸರಿಯಿತು.

ಆಮೇಲೆ ನಡೆದ ಮೆರವಣಿಗೆಯನ್ನು ಊರು ಇವತ್ತಿಗೂ ಮರೆತಿಲ್ಲ. ಇವರಿಗೆ ಹಿಂದೆ ಕಾಣುವುದಿಲ್ಲ, ಕತ್ತು ತಿರುಗಿಸಿದರೆ ಕನ್ನಡಕ ಜಾರುತ್ತದೆ. ನಾನು ಸೆರಗು ಬಿಗಿದು ಸ್ಕೂಟರಿನ ಹಿಂದೆ ನಡೆಯುತ್ತ, "ನೆಟ್ಟಗೆ ಕೂತ್ಕೊಳ್ಳಿ, ನಿಧಾನ, ನಿಧಾನ, ಕಂಬ ಬಂತು" ಎಂದು ಹೇಳುತ್ತ ಹೋದೆ. ಕಂಬಕ್ಕೆ ಮೂರು ಉಲ್ಟಾ ಸುತ್ತು ಬರುವಾಗ ಇವರ ಮುಖ ಹಸಿರಾಗಿತ್ತು, ಕುಡಿದ ಸಾರು ಗಂಟಲಿನಲ್ಲೇ ಇತ್ತು. "ಹೊರಗೆ ಹಾಕ್ಬೇಡಿ ವಿರೂಪಾಕ್ಷಣ್ಣ, ಹೇರು ಕಮ್ಮಿಯಾಗುತ್ತೆ!" ಎಂದು ಮೈಲಾರಿ ಅಂಗಲಾಚಿದ. ಇವರು ಬಾಯಿಗೆ ಕೈ ಒತ್ತಿ ಹಿಡಿದರು. ಆಗಲೂ ಒಂದೇ ಕೈಯಲ್ಲಿ ಹ್ಯಾಂಡಲು. ಮುಂದಿನ ಚಕ್ರ ಹಿಂದೆ ಸರಿದಂತೆಲ್ಲ ಗೆರೆ ಮುಚ್ಚಿಕೊಂಡು, ಹಿಮ ಯಾರೂ ತುಳಿಯದ ಹಾಗೆ ನುಣ್ಣಗಾಗುತ್ತಿತ್ತು. ಏರು ಹತ್ತಿ ಪೇಟೆ ದಾಟಿ ನಮ್ಮ ಬೀದಿಗೆ ಬಂದಾಗ ನನ್ನ ಮೂಗಿನ ಮೇಲೆ ಹತ್ತಿಯಂತಹದೇನೋ ಕೂತು ಕರಗಿತು. ನಾನು ಸ್ಕೂಟರಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಎಳೆದೆ. ಚಕ್ರ ಹೊಸ್ತಿಲು ಮುಟ್ಟಿತು. ಗೆರೆ ಹೋಯಿತು. ಇವರು ಇಳಿದು ಮನೆಯ ಪಕ್ಕಕ್ಕೆ ಓಡಿಹೋಗಿ ಹೇರು ಇಳಿಸಿದರು.

ಎರಡನೆಯ ಹಿಮ ಸುರಿಯುತ್ತಿದ್ದಂತೆಯೇ ಮೈಲಾರಿ ಬಸ್ಸು ತಂದ. ಹಾರನ್ನು ಕೇಳಿದಾಗ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ. ಬಸ್ಸಿಳಿದವರು ಕೈ ಉಜ್ಜಿಕೊಳ್ಳುತ್ತ ಬಂದು ಕೂತರು. ಸಾರು ಬಡಿಸಿದೆ. "ಪಲ್ಯ ಎಲ್ಲಿ?" ಎಂದರು. ಪಲ್ಯ ಇರಲಿಲ್ಲ. ಆ ಹೊತ್ತಿಗೆ ಇಳಿಜಾರಿನ ಕೊನೆಯಲ್ಲಿ ನೀಲಕ್ಕನ ಗಿರಾಕಿಗಳು "ಸಾರು ಎಲ್ಲಿ?" ಎನ್ನುತ್ತಿರುತ್ತಾರೆ ಎಂದುಕೊಂಡೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ದಿನ ನಾನು ಉಣ್ಣಲು ಬಡಿಸಿದ್ದೇ ತಡವಾಗಿ. ತಟ್ಟೆ ಇಡುತ್ತ ಕೇಳಿದೆ. "ಗುರುತು ಸಿಗಬಾರ್ದು ಅಂದ್ರೆ ಒಂದು ಲೋಟ ನೀರು ಸಾಕಿತ್ತಲ್ಲ. ಎರಡು ಯಾಕೆ?"

ಇವರು ಅನ್ನ ಕಲೆಸುತ್ತ, "ಒಂದು ಗುರುತಿಗೆ. ಇನ್ನೊಂದು ನಿನಗೋಸ್ಕರ. ಊರಲ್ಲಿ ನಿನ್ನ ಸಾರೇ ಒಂದು ಕೈ ಮೇಲಿರ್ಲಿ ಅಂತ" ಎಂದರು. ನಾನು ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಕ್ಯಾನು ಹೊತ್ತು ನಾನೇ ಹೊರಟೆ, ನಡೆದುಕೊಂಡು. ಯಾರೂ ಹೇಳಿ ಕಳಿಸಿರಲಿಲ್ಲ. ಆದರೂ ಗಡಿಯಾರದ ಕಂಬದ ಹತ್ತಿರ ಬಂದಾಗ ಆಚೆಯಿಂದ ನೀಲಕ್ಕ ಡಬರಿ ಹೊತ್ತು ಏರು ಹತ್ತಿ ಬರುತ್ತಿದ್ದಳು. ಇಬ್ಬರೂ ನಿಂತೆವು. ಅವಳು ಆಕಾಶ ನೋಡಿದಳು, ನಾನು ನೆಲ ನೋಡಿದೆ. ಕ್ಯಾನು ಆ ಕಡೆ ಹೋಯಿತು, ಡಬರಿ ಈ ಕಡೆ ಬಂತು. "ಬರ್ತೀನಿ" ಎಂದಳು. "ಹೂಂ" ಎಂದೆ.

ಹತ್ತು ಮಾರು ನಡೆದು, ಅವಳು ಹೋಗಿರುತ್ತಾಳೆ ಎಂದುಕೊಂಡು ಡಬರಿಯ ಮುಚ್ಚಳ ಎತ್ತಿದೆ. ಪಲ್ಯ ಹೊಂಬಣ್ಣಕ್ಕಿತ್ತು, ಘಮಘಮ ಎನ್ನುತ್ತಿತ್ತು. ಬೆರಳಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ಕೆದಕಿದೆ. ಒಂದೇ ಒಂದು ಗೋಡಂಬಿ ಇರಲಿಲ್ಲ. ಬುಡದವರೆಗೂ ಇರಲಿಲ್ಲ.

ಸರ್ರನೆ ತಿರುಗಿದೆ. ನೀಲಕ್ಕ ಹೋಗಿರಲಿಲ್ಲ. ಕಂಬದ ಕೆಳಗೇ ನಿಂತು, ಕ್ಯಾನಿನಲ್ಲಿ ಬೆರಳದ್ದಿ ನೆಕ್ಕುತ್ತಿದ್ದಳು. ಒಂದು ಸಲ ನೆಕ್ಕಿದಳು, ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ನೆಕ್ಕಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ದಾಕ್ಷಾಯಿಣೀ, ನೀರು!" ಎಂದು ಬೀದಿ ಅದುರುವ ಹಾಗೆ ಕೂಗಿದಳು.

"ಗೋಡಂಬಿ ಎಲ್ಲಿ ಅಕ್ಕಾ!" ಎಂದು ನಾನೂ ಕೂಗಿದೆ.

ಕಿಟಕಿಗಳು ತೆರೆದುಕೊಂಡವು. ಮೈಲಾರಿಯ ಬಸ್ಸು ಬಂದು ನಮ್ಮೆದುರು ಗೆರೆಯ ಮೇಲೆ ನಿಂತು ಹಾರನ್ನು ಹೊಡೆದು ಹೊಡೆದು ಸುಸ್ತಾಯಿತು. ನಾವು ದಾರಿ ಬಿಡಲಿಲ್ಲ. ಇಷ್ಟು ವರ್ಷದ ಬಾಕಿ ಬಹಳ ಇತ್ತು. ಬೋರ್ಡಿನ ಹೆಸರಿನಿಂದ ಶುರು ಮಾಡಿ, ಬಾಯಿ ತುಂಬ, ಹೊಟ್ಟೆ ತುಂಬ ಜಗಳ ಆಡಿದೆವು.